ಹೆಮ್ಮಾಡಿಯಲ್ಲಿ ತೊಳೆಸಿದ ಫೋಟೋಗಳು

ಒಂದು ಮನೆಯ ಒಳಗಿನ ಮಾತನ್ನು ಹೊರಗೆ ತಂದು ಹೇಳುವುದು ತಪ್ಪು ಎಂದು ನನಗೂ ಗೊತ್ತು. ಅದೂ ಫೋಟೋದಂಥ ಸಣ್ಣ ವಿಷಯ. ಇದರಲ್ಲಿ ಕಥೆ ಎಲ್ಲಿದೆ ಎಂದು ಕೇಳಿದರೆ ನನ್ನಲ್ಲಿ ಗಟ್ಟಿ ಉತ್ತರವಿಲ್ಲ. ನನಗಿಂತ ಚೆನ್ನಾಗಿ ಹೇಳಬಲ್ಲವರು ಆ ಕೇರಿಯಲ್ಲೇ ಇದ್ದಾರೆ. ಅವರು ಯಾರೂ ಹೇಳಲಿಲ್ಲ, ಸುಗುಣಳ ಸಿಟ್ಟು ಹಾಗೇ ಉಳಿದುಬಿಟ್ಟಿತು. ಅದಕ್ಕೆ ಧೈರ್ಯ ಮಾಡುತ್ತಿದ್ದೇನೆ. ಎಲ್ಲಾದರೂ ಹೆಚ್ಚು ಕಡಿಮೆ ಆಡಿದ್ದರೆ ಮನ್ನಿಸಬೇಕು.

ಕಿರಿಮಂಜೇಶ್ವರದಲ್ಲಿ ಹೆದ್ದಾರಿಯಿಂದ ಕಡಲಿನ ಕಡೆಗೆ ಇಳಿಯುವ ದಾರಿಯಲ್ಲಿ ಸುಗುಣಳ ಮನೆ. ಗಂಡ ಜಿತೇಂದ್ರ ಗಂಗೊಳ್ಳಿಯ ಬೋಟಿನಲ್ಲಿ ದುಡಿಯುತ್ತಾನೆ. ಕಡಲಿಗೆ ಹೋದರೆ ನಾಲ್ಕೈದು ದಿನ ಅವನ ಪತ್ತೆಯಿಲ್ಲ. ಮಗಳು ಮೋಕ್ಷಿತಾ ಬೈಂದೂರಿನಲ್ಲಿ ಬಿ.ಕಾಂ. ಕಡೇ ವರ್ಷ. ಸುಗುಣ ಬೆಳಕು ಹರಿಯುವಾಗಲೇ ಬೋಟುಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ಕೊಂಡು, ಟೆಂಪೋ ಹತ್ತಿ ಹೆಮ್ಮಾಡಿಗೆ ಹೋಗಿ ರಸ್ತೆ ಬದಿಯಲ್ಲಿ ಕೂತು ಮಾರುತ್ತಾಳೆ. ಮದುವೆಯಾಗಿ ಬಂದಂದಿನಿಂದ ಅದೇ ಕೆಲಸ, ಅದೇ ಬಿಸಿಲು.

ಮನೆಯಲ್ಲಿ ಇರುವ ಇನ್ನೊಬ್ಬರು ಮಾವ ಐತ. ಅವರ ಎಡಗಣ್ಣು ಪ್ರಾಯದಲ್ಲೇ ಹೋಗಿತ್ತು, ಎಳೆಯುವಾಗ ಬಲೆಯ ಹಗ್ಗ ತುಂಡಾಗಿ ಬಡಿದದ್ದು. ಉಳಿದ ಬಲಗಣ್ಣಿಗೆ ಪೊರೆ ಬಂದು ಮೂರು ವರ್ಷವಾಗಿತ್ತು. ಇರುವುದೇ ಒಂದು, ಅದನ್ನು ಕೊಯ್ಯಿಸಿ ಹೆಚ್ಚುಕಡಿಮೆಯಾದರೆ ಎಂದು ಹೆದರಿ, ಈ ಮಳೆಗಾಲ ಕಳೆಯಲಿ, ಮುಂದಿನ ದೀಪಾವಳಿ ಕಳೆಯಲಿ ಎಂದು ಮುಂದೂಡಿದ್ದೇ ಆಯಿತು. ಕಡೆಗೆ ಈ ದೀಪಾವಳಿ ಮುಗಿದ ವಾರ ಕುಂದಾಪುರದ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿದರು.

ಕಟ್ಟು ಬಿಚ್ಚಿದಾಗ ಮಾವ ಎದುರಿನ ಗೋಡೆ ನೋಡಿ, "ಆ ಗೋಡಿ ಬಿರುಕ್ ಬಿಟ್ಟಿತ್ತಲ್ದಾ" ಎಂದರು. ಅದೇ ಮೊದಲ ಮಾತು. ನರ್ಸ್ ನಕ್ಕಳು. ಸುಗುಣ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು; ನಗು ಬಂದಿತ್ತೋ ಅಳು ಬಂದಿತ್ತೋ ಅವಳಿಗೇ ತಿಳಿಯಲಿಲ್ಲ. ಡಾಕ್ಟರರು ಎರಡು ಬಾಟಲಿ ಕಣ್ಣಿನ ಮದ್ದು ಕೊಟ್ಟು, "ಆರು ವಾರ. ಒಂದು ಹೊತ್ತೂ ತಪ್ಪಿಸಬೇಡಿ" ಎಂದು ಎರಡೆರಡು ಸಲ ಹೇಳಿದರು. ಹೊರಗೆ ಹೋಗುವಾಗ ಹಾಕಿಕೊಳ್ಳಲು ಕಪ್ಪು ಕನ್ನಡಕವನ್ನೂ ಕೊಟ್ಟರು.

ಮನೆಗೆ ಬಂದ ನಾಲ್ಕನೇ ದಿನ ಮೋಕ್ಷಿತಾ ಮೊಬೈಲ್ ಹಿಡಿದು ಅಜ್ಜನ ಪಕ್ಕ ಕೂತಳು.

"ಅಜ್ಜ, ಇಲ್ಕಾಣಿ. ಹೋದ್ ವರ್ಷ ಅಮ್ಮ ಗೋಳಿಬಜೆ ಮಾಡಿದ್ ದಿನ ತೆಗ್ದದ್."

ಐತ ಮೊಬೈಲನ್ನು ಎರಡು ಕೈಯಲ್ಲಿ ಹಿಡಿದರು. ಬಲೆ ಹೊಲಿದು ಹೊಲಿದು ಮರವಾದ ಹೆಬ್ಬೆರಳು ಎಲ್ಲಿಗೋ ತಾಗಿತು, ಗೋಳಿಬಜೆ ಹಾರಿಹೋಯಿತು. ಯಾವುದೋ ಹುಡುಗಿ ಕುಣಿಯತೊಡಗಿದಳು.

"ಇದ್ಯಾರ್ ಹೆಣೆ? ನಮ್ಮನಿಗ್ ಎಗಳ್ ಬಂದಿತ್?"

"ಅಯ್ಯೋ ಅಜ್ಜ, ಅದ್ ರೀಲ್ಸ್! ಮುಟ್ಬೇಡಿ ಅಂದ್ರೆ ಮುಟ್ತ್ರಿ."

"ಮುಟ್ಟದೆ ಹಿಡ್ಕಂಬುದ್ ಹ್ಯಾಂಗೆ? ಈ ಹಾಳ್ ಡಬ್ಬಿಯಗೆ ಜನ ನಿಲ್ಲುದೇ ಇಲ್ಲ." ಅವರು ಮೊಬೈಲನ್ನು ಹಿಂದಕ್ಕೆ ಕೊಟ್ಟರು. ಆಮೇಲೆ ಒಳಗೆ ಮೀನು ಹೆಚ್ಚುತ್ತಿದ್ದ ಸುಗುಣಳಿಗೂ ಕೇಳುವಂತೆ ಹೇಳಿದರು: "ಮೂರ್ ವರ್ಷ ನಿಮ್ ಯಾರ್ ಮುಖವೂ ನಂಗ್ ಸಮಾ ಕಾಂಬುಕ್ ಸಿಕ್ಕಿಲ್ಲ. ಈ ಹೆಣ್ ಲಂಗ ಹಾಯ್ಕಂಡದ್ ಕಂಡಿದ್ದೆ, ಇಗಳ್ ಕಾಂತೆ, ಮದಿ ಪ್ರಾಯಕ್ಕೆ ಬಂದಿತ್. ಮಧ್ಯದ್ದ್ ಎಲ್ಲಿಗ್ ಹೋಯ್ತ್? ನಂಗ್ ಅದ್ ಬೇಕ್. ಮದಿ ಫೋಟ ಬ್ಯಾಡ, ಬಟ್ಟಿ ಹಾಯ್ಕಂಡ್ ನಿಂತದ್ದೂ ಬ್ಯಾಡ. ದಿನಾ ಮನಿಯಗೆ ಹ್ಯಾಂಗಿದ್ರಿ, ಅದ್. ಕೈಯಗೆ ಹಿಡ್ಕಂಬಂಥದ್ದ್."

ಆ ಮನೆಯಲ್ಲಿ ಕೈಯಲ್ಲಿ ಹಿಡಿಯುವಂಥದ್ದು ಎಂದರೆ ಮದುವೆಯ ಆಲ್ಬಮ್ ಒಂದೇ. ಅದರ ಹಾಳೆಗಳು ಒಂದಕ್ಕೊಂದು ಅಂಟಿ ಹೋಗಿ ಎಷ್ಟೋ ವರ್ಷವಾಗಿತ್ತು. ಮೊಬೈಲುಗಳಲ್ಲಿ ಸಾವಿರಗಟ್ಟಲೆ ಇದ್ದವು. ಅವನ್ನು ತೊಳೆಸಿ ಕಾಗದಕ್ಕೆ ತರಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ.

ಭಾನುವಾರ ಜಿತೇಂದ್ರ ಮನೆಯಲ್ಲಿದ್ದ. ಊಟವಾದ ಮೇಲೆ, ಮಾವ ಮಲಗಿದ್ದಾಗ, ಮೂವರೂ ಜಗಲಿಯಲ್ಲಿ ಕೂತು ಆರಿಸಿದರು.

"ಇದ್ ಹಾಕ್" ಎಂದಳು ಸುಗುಣ. ಬಾವಿಕಟ್ಟೆಯಲ್ಲಿ ಅವಳು ಬಂಗುಡೆ ತೊಳೆಯುತ್ತಿದ್ದ ಫೋಟೋ.

"ಅಮ್ಮ, ಇದ್ ಬ್ಯಾಡ! ನೀ ಸೀರಿ ಮೊಣಕಾಲಿಗ್ ಎತ್ತಿ ಕಟ್ಟಿದ್ದೆ, ತಲಿ ಕೆದ್ರಿತ್."

"ಬಂಗ್ಡಿ ತೊಳುಕೆ ರೇಷ್ಮೆ ಸೀರಿ ಉಡುಕಾ? ಮಾವ ಕೇಂಡದ್ ಇದೇ. ಹಾಕ್."

"ಹಾಂಗಾರೆ ಅಪ್ಪ ಬಾಯ್ ಬಿಟ್ಕಂಡ್ ಮಲ್ಕಂಡದ್ದೂ ಹಾಕ್ತೆ."

"ಹಾಕ್ ಕಾಂಬ, ನಿನ್ ಕಾಲ್ ಮುರಿತೆ" ಎಂದ ಜಿತೇಂದ್ರ. ಆದರೂ ಅದನ್ನೂ ಹಾಕಿದರು. ಮೋಕ್ಷಿತಾ ಜಡೆ ಹೆಣೆದುಕೊಳ್ಳುತ್ತಿದ್ದದ್ದು, ಸುಗುಣ ಖಾಲಿ ಬುಟ್ಟಿ ಹೊತ್ತು ಬಿಸಿಲಲ್ಲಿ ಬರುತ್ತಿದ್ದದ್ದು, ಮೂವರೂ ನೆಲದಲ್ಲಿ ಕೂತು ಗಂಜಿ ಉಣ್ಣುತ್ತಿದ್ದದ್ದು, ಎಲ್ಲಾ ಸೇರಿ ಹನ್ನೆರಡು.

ಹೆಮ್ಮಾಡಿಯಲ್ಲಿ ಸುಗುಣ ಮೀನಿಗೆ ಕೂರುವ ಜಾಗದ ಎದುರಿಗೇ ಭೋಜ ಎಂಬವನ ಫೋಟೋ ಸ್ಟುಡಿಯೋ. "ಮೊಬೈಲ್ ತಕಂಡ್ ಹೋಯ್ಕಾ?" ಎಂದು ಅವಳು ಕೇಳಿದಾಗ ಜಿತೇಂದ್ರ ನಕ್ಕ. "ಇಷ್ಟಕ್ಕೆ ಹೋಯ್ಕಾ ಮರಾಯ್ತಿ? ವಾಟ್ಸಾಪ್ ಮಾಡ್ರೆ ಆಯ್ತ್." ಅಲ್ಲೇ ಕೂತು ಕಳಿಸಿಬಿಟ್ಟ.

ಬುಧವಾರ ವ್ಯಾಪಾರ ಮುಗಿಸಿ ಸುಗುಣ ಕೈ ತೊಳೆದು ಸ್ಟುಡಿಯೋಕ್ಕೆ ಹೋದಳು. ಭೋಜ ಕವರು ಕೊಟ್ಟ. ಅವಳು ಅಲ್ಲೇ ಬಿಚ್ಚಿ ನೋಡಿದಳು. ಬಾವಿಕಟ್ಟೆಯ ಫೋಟೋ ಮೇಲೆಯೇ ಇತ್ತು. ಮೀನು ಅದೇ, ಹಗ್ಗ ಅದೇ, ಕೊಡ ಅದೇ. ನಡುವೆ ಕೂತವಳ ಮುಖ ಮಾತ್ರ ಬೆಳ್ಳಗೆ, ನುಣ್ಣಗೆ, ಒಂದು ಗೆರೆ ಇಲ್ಲ, ಒಂದು ಕಲೆ ಇಲ್ಲ.

"ಲಾಯ್ಕ್ ಬಂತಲ್ದಾ ಸುಗುಣಕ್ಕ?" ಎಂದ ಭೋಜ.

ಸುಗುಣ ನಕ್ಕಳು. ಇದನ್ನು ಮುಚ್ಚಿಡಬಾರದು, ಅವಳೇ ಆಮೇಲೆ ಮುಚ್ಚಿಡಲಿಲ್ಲ. ಆ ಹೊತ್ತಿಗೆ ಅವಳಿಗೆ ಚಂದ ಕಂಡಿತು. ಟೆಂಪೋದಲ್ಲಿ ಬರುವಾಗ ಇನ್ನೆರಡು ಸಲ ಕವರು ಬಿಚ್ಚಿ ನೋಡಿದಳು.

ಮನೆಯಲ್ಲಿ ಮೋಕ್ಷಿತಾ, "ನಂದ್ ಭಾರೀ ಚಂದ ಬಂದಿತ್" ಎಂದು ತನ್ನದನ್ನು ಎತ್ತಿ ಮೊಬೈಲಿನಲ್ಲಿ ಅದರದ್ದೇ ಫೋಟೋ ತೆಗೆದಳು. ಐತ ಬಾಗಿಲ ಬಳಿ ಬೆಳಕಿಗೆ ಕೂತು, ಕಪ್ಪು ಕನ್ನಡಕ ತೆಗೆದು, ಮೊದಲನೆಯದನ್ನು ಹಿಡಿದರು. ಕೈ ದೂರ ಮಾಡಿದರು, ಹತ್ತಿರ ತಂದರು. ಹೆಗಲ ಮೇಲಿನ ಬೈರಾಸಿನಿಂದ ಫೋಟೋ ಒರೆಸಿದರು. ಮತ್ತೆ ನೋಡಿದರು. ಎರಡನೆಯದು, ಮೂರನೆಯದು. ಹನ್ನೆರಡನ್ನೂ ನೋಡಿ, ಒಂದರ ಮೇಲೊಂದು ಸರಿಯಾಗಿ ಜೋಡಿಸಿ ಕವರಿಗೆ ಹಾಕಿದರು.

"ಲಾಯ್ಕಿತ್. ಎತ್ತಿಡಿ."

ಅಷ್ಟೇ ಹೇಳಿ ಕಪ್ಪು ಕನ್ನಡಕ ಹಾಕಿಕೊಂಡರು.

"ಅಜ್ಜನಿಗ್ ಖುಷಿಯೇ ಆಯ್ಲಿಲ್ಲ ಕಾಣ್" ಎಂದಳು ಮೋಕ್ಷಿತಾ.

"ಪ್ರಾಯ ಆಯ್ತಲ್ದಾ" ಎಂದು ಸುಗುಣ ಅನ್ನಕ್ಕೆ ನೀರಿಡಲು ಹೋದಳು. ಅದೊಂದು ಹೊತ್ತು ಎದುರು ಕೂತು 'ಮಾವ, ಎಂತ ಆಯ್ತ್' ಎಂದು ಕೇಳಿದ್ದರೆ ಎಂದು ಈಗಲೂ ಅವಳು ಕೈ ಕೈ ಹಿಸುಕಿಕೊಳ್ಳುತ್ತಾಳೆ.

ಮರುದಿನದಿಂದ ಮಾವ ಬದಲಾದರು. ಮನೆಯೊಳಗೂ ಕಪ್ಪು ಕನ್ನಡಕ ತೆಗೆಯಲಿಲ್ಲ. ಮೋಕ್ಷಿತಾ ಮದ್ದಿನ ಬಾಟಲಿ ಹಿಡಿದು ಬಂದರೆ, "ಅಲ್ಲಿಡ್, ನಾ ಹಾಯ್ಕಂತೆ. ನಿಂಗ್ ಕಾಲೇಜಿಗ್ ಹೊತ್ತಾತ್ತ್" ಎಂದರು. ಸಂಜೆ ಕೇಳಿದರೆ, "ಹಾಯ್ಕಂಡೆ" ಎಂದರು. ಕಟ್ಟು ಬಿಚ್ಚಿದ ಮೇಲೆ ದಿನಾ ಕಡಲ ಬದಿಯ ಬಲೆ ಹೊಲಿಯುವ ಚಪ್ಪರಕ್ಕೆ ಹೋಗಿ, ಓರಗೆಯ ನಾಗನ ಹತ್ತಿರ ಕೂತು ಬರುತ್ತಿದ್ದವರು, ಅದನ್ನೂ ನಿಲ್ಲಿಸಿದರು. ನಾಗ ಒಮ್ಮೆ ಹುಡುಕಿಕೊಂಡು ಬಂದ.

"ಹ್ವಾಯ್ ಐತಣ್ಣ, ಹೊಸ ಕಣ್ಣ್ ಬಂದದ್ದೇ ನಮ್ಮ್ ಮುಖ ಬ್ಯಾಡ ಆಯ್ತಾ?"

"ತಲಿ ನೋವ್" ಎಂದರು ಐತ.

ಊಟದಲ್ಲಿ ಸುಗುಣ ಗಮನಿಸಿದಳು: ಪೊರೆ ಇದ್ದಾಗಿನ ಹಾಗೆಯೇ ಬೆರಳಿನಿಂದ ತಡವಿ ತಡವಿ ಮೀನಿನ ಮುಳ್ಳು ಹುಡುಕುತ್ತಿದ್ದರು. "ಮಾವ, ಕನ್ನಡಕ ತೆಗ್ದ್ ಉಣ್ಣಿ" ಎಂದರೆ, "ಕಣ್ಣಿಗ್ ಬೆಳ್ಕ್ ಕುತ್ತತ್ತ್" ಎಂದರು. ಇರಬಹುದು ಎಂದು ನಂಬಿದಳು. ದಕ್ಕೆ, ಮಂಜುಗಡ್ಡೆ, ಟೆಂಪೋ, ಗಿರಾಕಿಗಳ ಚೌಕಾಸಿ, ಇವುಗಳ ನಡುವೆ ನಂಬುವುದೇ ಸುಲಭವಾಗಿತ್ತು.

ಹೀಗೆ ಹನ್ನೊಂದು ದಿನ.

ಹನ್ನೆರಡನೆಯ ದಿನ ಜಿತೇಂದ್ರ ಕಡಲಿನಿಂದ ಬಂದಿದ್ದ. ಮಧ್ಯಾಹ್ನ ಎಲ್ಲರಿಗೂ ಬಡಿಸಿಯಾಗಿತ್ತು. ಉಪ್ಪಿನಕಾಯಿ ಭರಣಿ ತೆಗೆಯಲು ಗೂಡಿಗೆ ಕೈ ಹಾಕಿದವನಿಗೆ ಮದ್ದಿನ ಬಾಟಲಿಗಳು ಸಿಕ್ಕವು. ಅಲ್ಲಾಡಿಸಿ ನೋಡಿದ.

"ಇದೆಂತ? ಇದ್ ಹೋದ್ ಸಲ ಇದ್ದಷ್ಟೇ ಇತ್ತಲ್ದಾ!" ಮಗಳ ಕಡೆ ತಿರುಗಿದ. "ನಿಂಗ್ ಹೇಳ್ದ್ ಒಂದ್ ಕೆಲ್ಸ. ಅಜ್ಜನ್ ಕಣ್ಣಿಗ್ ಎರಡ್ ಹನಿ ಮದ್ದ್ ಹಾಕುಕ್ ನಿಂಗ್ ಪುರ್ಸೊತ್ತಿಲ್ಯಾ? ಇಡೀ ದಿನ ಮೊಬೈಲ್!"

"ಅಜ್ಜನೇ ಹಾಯ್ಕಂತೆ ಅಂದ್ರ್!"

"ಅವ್ರ್ ಅಂದ್ರೆ ನೀ ಕಾಂಬುದ್ ಬ್ಯಾಡ್ದಾ?"

"ನೀವ್ ಎಷ್ಟ್ ದಿನ ಮನಿಯಗಿದ್ರಿ ಅಪ್ಪ, ನಂಗ್ ಹೇಳುಕೆ?"

"ಏ, ಬಾಯ್ ಮುಚ್!"

"ಹೆಣ್ಣಿಗ್ ಬೈಬೇಡ." ಐತ ಅನ್ನದ ಮೇಲಿಂದ ಕೈ ತೆಗೆದರು. ಸ್ವರ ಗಟ್ಟಿಯಾಗಿತ್ತು. "ನಾನೇ ಬಿಟ್ಟದ್ದ್. ಎಂತಕ್ ಹಾಯ್ಕಂಬುದ್? ಪೊರಿ ತಿರ್ಗಿ ಬಂತ್."

ಸುಗುಣಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಎಂತ ಹೇಳ್ತ್ರಿ ಮಾವ?"

"ಬಂತ್ ಅಂದೆ. ಆ ಫೋಟ ತಂದ್ರಿಯಲೆ, ಅವತ್ತೇ ಗೊತ್ತಾಯ್ತ್. ಎಲ್ಲರ್ ಮುಖವೂ ಬೆಳ್ಳಗೆ, ಗಂಜಿ ತಿಳಿ ಹೊಯ್ದಾಂಗೆ. ಮೂರ್ ವರ್ಷ ನಂಗೆ ಕಂಡದ್ದ್ ಹಾಂಗೇ. ಒಬ್ರ್ ಗುರ್ತವೂ ಸಿಕ್ಲಿಲ್ಲ. ಇಷ್ಟ್ ಖರ್ಚ್ ಮಾಡಿ, ಓಡಾಡಿ, ಈ ಗಂಡ್ ಎರಡ್ ಸಲ ಬೋಟ್ ಬಿಟ್ಟ್ ನನ್ನ್ ಕರ್ಕಂಡ್ ಹೋಯ್ತ್. ಹ್ಯಾಂಗ್ ಹೇಳುದ್ ನಿಮ್ಗೆ?"

"ನಮ್ಮನ್ ದಿನಾ ಕಾಂತ್ರಿಯಲೆ!" ಎಂದಳು ಸುಗುಣ.

"ಕನ್ನಡಕ ತೆಗುಕೆ ಹೆದ್ರಿಕಿ ಆಯ್ತ್. ಸ್ವರ ಕೇಂಡ್ ಗುರ್ತ ಹಿಡ್ಕಂಡೆ. ಅಭ್ಯಾಸ ಇತ್ತಲೆ."

ಸುಗುಣ ಎದ್ದು, ಕೈ ಸೆರಗಿಗೆ ಒರೆಸಿ, ಒಳಗಿನಿಂದ ಕವರು ತಂದಳು. ಬಾವಿಕಟ್ಟೆಯ ಫೋಟೋ ತೆಗೆದು ನೋಡಿದಳು. ಅವತ್ತು ಟೆಂಪೋದಲ್ಲಿ ನೋಡಿದಂತೆ ಅಲ್ಲ. ಬೇರೆಯವರ ಮನೆಯ ಫೋಟೋ ನೋಡಿದಂತೆ ನೋಡಿದಳು. ಆಮೇಲೆ ಮಾವನ ಎದುರು ಕುಕ್ಕರುಗಾಲಲ್ಲಿ ಕೂತು, ಅದನ್ನು ತನ್ನ ಕೆನ್ನೆಯ ಪಕ್ಕ ಹಿಡಿದಳು.

"ಮಾವ, ಕನ್ನಡಕ ತೆಗೀನಿ."

"ಬ್ಯಾಡ ಹೆಣೆ."

"ತೆಗೀನಿ. ನನ್ನ್ ಕಾಣಿ. ಆಮೇಲ್ ಇದನ್ ಕಾಣಿ. ಸ್ವರ ಬಿಡಿ."

ಐತ ನಿಧಾನ ಕನ್ನಡಕ ತೆಗೆದರು. ಕಣ್ಣು ಕೆಂಪಾಗಿತ್ತು, ಅಂಚಿನಲ್ಲಿ ನೀರು ಕಟ್ಟಿತ್ತು. ಅವಳ ಮುಖ ನೋಡಿದರು. ಫೋಟೋ ನೋಡಿದರು. ಮತ್ತೆ ಅವಳ ಮುಖ.

"ನೀ ಸುಗುಣ" ಎಂದರು. "ಇದ್ ನೀನಲ್ಲ."

"ಇದೂ ನಾನೇ ಮಾವ. ನಿಮ್ ಕಣ್ಣ್ ಸಮಾ ಇತ್ತ್. ಭೋಜ ನನ್ನ್ ಮುಖ ತೊಳ್ದ್ ಬಿಟ್ಟಿದ್ದ."

ಮೋಕ್ಷಿತಾ ಅಳತೊಡಗಿದಳು. "ನಂಗೆ ಚಂದ ಕಂಡಿತ್, ನಾ ಸುಮ್ನಾದೆ. ನಿಂಗೂ ಕಂಡಿತಲ್ದಾ ಅಮ್ಮ?"

ಜಿತೇಂದ್ರ ಹೆಂಡತಿಯ ಮುಖ ನೋಡಿದ. ಸುಗುಣ ಫೋಟೋವನ್ನು ಮಗುಚಿ ಕವರಿನ ಮೇಲಿಟ್ಟಳು. ತಟ್ಟೆಗಳಲ್ಲಿ ಅನ್ನ ಹಾಗೇ ತಣ್ಣಗಾಯಿತು.

ಮರುದಿನ ಬೆಳಿಗ್ಗೆಯೇ ಕುಂದಾಪುರಕ್ಕೆ ಓಡಿದರು. ಡಾಕ್ಟರರು ದೀಪ ಹಾಕಿ ನೋಡಿದರು, ಇನ್ನೊಂದು ಯಂತ್ರಕ್ಕೆ ಗಲ್ಲ ಇಡಿಸಿ ನೋಡಿದರು. "ಹನ್ನೊಂದು ದಿನವಾ?" ಎಂದು ಸ್ವರ ಎತ್ತಿದರು. "ಕಣ್ಣಿನ ಒಳಗೆ ಊತ ಬಂದಿದೆ. ಪೊರೆ ತಿರುಗಿ ಬಂದದ್ದಲ್ಲ ಅಜ್ಜ, ಇಷ್ಟು ಬೇಗ ಹಾಗೆ ಬರುವುದಿಲ್ಲ. ನಿಮಗೆ ಯಾರು ಹೇಳಿದರು?" ಐತ ತಲೆ ತಗ್ಗಿಸಿದರು. ಫೋಟೋದ ವಿಷಯ ಹೇಳಲು ಜಿತೇಂದ್ರನಿಗೆ ನಾಚಿಕೆಯಾಯಿತು. ಹೇಳಿದ್ದು ಸುಗುಣಳೇ. ಡಾಕ್ಟರರು ಹೊಸ ಮದ್ದು ಬರೆದು, "ನೋಡೋಣ" ಎಂದರು.

ಅಲ್ಲಿಂದ ಬರುವಾಗ ಸುಗುಣ ಹೆಮ್ಮಾಡಿಯಲ್ಲಿ ಇಳಿದಳು. ಆ ಹನ್ನೆರಡೂ ಇದ್ದ ಮಗಳ ಮೊಬೈಲನ್ನು ಬೆಳಿಗ್ಗೆಯೇ ಕೇಳಿ ತಂದಿದ್ದಳು. ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋಕ್ಕೆಂದು ಒಬ್ಬ ಹೆಂಗಸು ತಲೆ ಬಾಚುತ್ತಿದ್ದಳು. ಸುಗುಣ ಹನ್ನೆರಡೂ ಫೋಟೋಗಳನ್ನು ಮೇಜಿನ ಮೇಲೆ ಹರಡಿದಳು.

"ಭೋಜಣ್ಣ, ಇದ್ ಯಾರ್ ಮನಿಯವ್ರ್?"

"ನಿಮ್ದೇ ಅಲ್ದಾ ಅಕ್ಕ."

"ನಮ್ಮದಲ್ಲ. ನಮ್ ಮಾವನಿಗ್ ಗುರ್ತ ಸಿಕ್ಲಿಲ್ಲ. ತನ್ ಕಣ್ಣೇ ಹೋಯ್ತ್ ಅಂದೇಳಿ ಮದ್ದ್ ಹಾಕುದೇ ಬಿಟ್ರ್. ಇರುದ್ ಒಂದೇ ಕಣ್ಣ್ ಅವ್ರಿಗೆ. ನನ್ನ್ ಮುಖಕ್ಕೆ ಬಣ್ಣ ಹೊಡಿ ಅಂದೇಳಿ ನಿಮ್ಗ್ ಯಾರ್ ಹೇಳ್ದ್?"

ಭೋಜ ಗಾಬರಿಯಾದ. "ಅಕ್ಕ, ನಾ ಬೇಕಂದೇಳಿ ಮಾಡ್ದದ್ದಲ್ಲ. ಜಿತೇಂದ್ರಣ್ಣ ವಾಟ್ಸಾಪ್ ಮಾಡಿದ್ರ್. ಅದ್ರಗೆ ಬಂದ್ರೆ ಫೋಟ ಒಡಿತ್ತ್, ದೊಡ್ಡ ಮಾಡ್ರೆ ಮುಖ ಎಲ್ಲಾ ಚುಕ್ಕಿ ಚುಕ್ಕಿ. ಅದ್ ಕಾಂಬುಕಾಗ ಅಂದೇಳಿ ಮುಖ ನುಣ್ಣಗ್ ಮಾಡಿ ಟಚಿಂಗ್ ಹಾಕ್ದೆ. ಎಲ್ಲರಿಗೂ ಹಾಕ್ತೆ, ಅದಕ್ಕೆ ಬೇರೆ ದುಡ್ಡೂ ತಕಂತಿಲ್ಲೆ."

"ನನ್ನ್ ಮುಖ ಅಳ್ಸಿ, ಮೇಲಿಂದ ಉಪ್ಕಾರವಾ?"

"ಬೆಳ್ಳಗಾಯ್ತ್ ಅಂದೇಳಿ ಜಗಳಕ್ ಬಂದವ್ರ್ ನೀವೇ ಮೊದ್ಲ್ ಅಕ್ಕ! ಕಪ್ಪ್ ಬಂದ್ರೆ ಬೈತ್ರ್ ಜನ, ಎಸ್ದ್ ಹೋತ್ರ್."

"ಕಪ್ಪ್ ಮಾಡಿ ಅಂದೇಳಿ ನಾ ಹೇಳ್ಲಿಲ್ಲ. ಇದ್ದದ್ ಇದ್ದಾಂಗ್ ಕೊಡಿ ಅಂದೇಳುದ್. ಈ ಮುಖ ಇಲ್ಲೇ ನಿಮ್ಮ್ ಅಂಗಡಿ ಎದ್ರಿಗೇ ಇಪ್ಪತ್ತೈದ್ ವರ್ಷ ಬಿಸ್ಲಿಗ್ ಕೂತ್ ಹೀಂಗಾದ್ದ್. ದಿನಾ ಕಾಂತ್ರಿ, ದಿನಾ ನನ್ ಹತ್ರ ಮೀನ್ ತಕಂತ್ರಿ. ನಿಮ್ಗ್ ಗೊತ್ತಿಲ್ಯಾ ನನ್ ಮುಖ ಹ್ಯಾಂಗಿತ್ ಅಂದೇಳಿ?"

ತಲೆ ಬಾಚುತ್ತಿದ್ದ ಹೆಂಗಸಿನ ಬಾಚಣಿಗೆ ನಿಂತಿತು. ಭೋಜನ ಮುಖವೂ ಬಿಗಿಯಿತು.

"ಹಾಂಗಾರೆ ಆ ದಿನ ಎಂತಕ್ ಹೇಳ್ಲಿಲ್ಲ? ಇಲ್ಲೇ ಕವರ್ ಬಿಚ್ಚಿ ಕಂಡ್ರಿ. ನಗಾಡ್ರಿ."

ಸುಗುಣಳಿಗೆ ಕೆನ್ನೆಗೆ ಹೊಡೆದಂತಾಯಿತು.

"ಹೌದ್, ನಗಾಡ್ದೆ" ಎಂದಳು. "ಇಷ್ಟ್ ವರ್ಷ ಎಲ್ರೂ ಸೇರಿ ಬೆಳ್ಳಗಿದ್ದದ್ದೇ ಚಂದ ಅಂದ್ರಿ. ನಾನೂ ನಂಬ್ದೆ. ನಿಮ್ಮ್ ಮೇಲ್ ಅರ್ಧ ಸಿಟ್ಟ್, ನನ್ನ್ ಮೇಲ್ ಅರ್ಧ. ಇಗಾ ಮೊಬೈಲ್. ವಯರ್ ಹಾಯ್ಕಂಡ್ ಇದ್ರಿಂದ್ಲೇ ತೆಗೀನಿ. ಟಚಿಂಗ್ ಬ್ಯಾಡ. ನಾ ಇಲ್ಲೇ ನಿಂತ್ಕಂತೆ."

ಭೋಜ ಮೊಬೈಲಿಗೆ ವಯರು ಸಿಕ್ಕಿಸಿ ಒಂದೊಂದನ್ನೇ ತೆಗೆದ. ಹೊಳಪಿನ ಕಾಗದ ಹಾಕಹೊರಟವನು ನಿಲ್ಲಿಸಿ, "ಕಣ್ಣಿಗ್ ಆಪರೇಷನ್ ಆದವ್ರಲ್ದಾ, ಹೊಳಪಿದ್ರೆ ಕುತ್ತತ್ತ್" ಎಂದು ತನ್ನಷ್ಟಕ್ಕೇ ಹೇಳಿಕೊಂಡು, ಹೊಳಪಿಲ್ಲದ ಒರಟು ಕಾಗದಕ್ಕೆ ಬದಲಿಸಿದ. ದುಡ್ಡು ಬೇಡ ಎಂದ. ಸುಗುಣ ಎಣಿಸಿ ಮೇಜಿನ ಮೇಲಿಟ್ಟು ಬಂದಳು.

ಬೇರೆ ತೊಳೆಸಿದ್ದೇನೆ ಎಂದು ಮಾವನಿಗೆ ಹೇಳಿದಳು, ಆದರೆ ಹೊಸ ಫೋಟೋಗಳನ್ನು ಆ ದಿನ ಕೊಡಲಿಲ್ಲ. ಮತ್ತೆ ಗುರುತು ಸಿಗದಿದ್ದರೆ ಎಂದು ಹೆದರಿಕೆ. ಮದ್ದು ತಪ್ಪದೆ ಬಿದ್ದಿತು. ಮೋಕ್ಷಿತಾ ಮದ್ದು ಹಾಕಿಯೇ, ಕಾಲೇಜಿಗೆ ಒಂದು ಬಸ್ಸು ತಡವಾಗಿ ಹೋದಳು. ಅದಕ್ಕೂ ಮೊದಲು ಸುಗುಣ ದಕ್ಕೆಗೆ ಹೊರಡುವಾಗ ಹಾಕುತ್ತಿದ್ದಳು, ಮಧ್ಯಾಹ್ನ ಪಕ್ಕದ ಮನೆಯವಳು ಬಂದು ಹಾಕುತ್ತಿದ್ದಳು, ಸಂಜೆ ಮತ್ತೆ ಮೋಕ್ಷಿತಾ. ಹದಿನೈದು ದಿನ ಕಳೆದು ಕಣ್ಣಿನ ಕೆಂಪು ಇಳಿಯಿತು. ಒಂದು ಭಾನುವಾರ ಮಾವನೇ ಕೇಳಿದರು.

"ಬ್ಯಾರೆ ತೊಳ್ಸಿದ್ದೆ ಅಂದ್ಯಲೆ. ಕೊಡ್ ಕಾಂಬ."

ಜಿತೇಂದ್ರ ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಐತ ಮೊದಲನೆಯದನ್ನು ಹಿಡಿದು, ಮುಖವನ್ನು ಸ್ವಲ್ಪ ಬಲಕ್ಕೆ ತಿರುಗಿಸಿ ನೋಡಿದರು. ಈಗ ಅವರು ಯಾವುದನ್ನು ನೋಡಬೇಕಾದರೂ ಹಾಗೆ ತಿರುಗಿಸಿಯೇ ನೋಡುತ್ತಿದ್ದರು. ಕೆಂಪು ಇಳಿದರೂ ಕಣ್ಣಿನ ಒಂದು ಬದಿಗೆ ಕವಿದ ಮಂಜು ಹೋಗಿರಲಿಲ್ಲ.

"ಇದ್ ಜಿತೇಂದ್ರ. ಬಾಯಿಗ್ ನೊಣ ಹೋಪಾಂಗ್ ಮಲ್ಕಂಡಿತ್." ಮೋಕ್ಷಿತಾ ಕಿಸಕ್ಕನೆ ನಕ್ಕಳು. "ಇದ್ ಹೆಣ್. ಜಡಿ ಇಷ್ಟುದ್ದ ಇತ್ತಾ? ಇಗಳ್ ಎಂತಕ್ ಕತ್ರಿಸ್ಕಂಡದ್ದ್?"

"ಅಜ್ಜ, ಅದ್ ಫ್ಯಾಶನ್."

"ಎಂತ ಫ್ಯಾಶನ್ನೋ." ಬಾವಿಕಟ್ಟೆಯ ಫೋಟೋ ಬಂತು. ಅದರಲ್ಲಿ ಸುಗುಣ ಇದ್ದ ಹಾಗೆಯೇ ಇದ್ದಳು, ಬಿಸಿಲಿಗೆ ಸುಟ್ಟ ಹಣೆ, ಕಣ್ಣಿನ ಕೆಳಗೆ ಕಪ್ಪು, ಕೆದರಿದ ತಲೆ. ಐತ ಬಹಳ ಹೊತ್ತು ನೋಡಿದರು.

"ಸುಗುಣ, ಈ ಕೈಗ್ ಎಂತಾಯ್ತ್?"

ಸುಗುಣ ತನ್ನ ಮುಂಗೈ ನೋಡಿಕೊಂಡಳು. ಮೊಣಕೈಯವರೆಗೆ ಎಳೆದ ಹಾಗೆ ಸುಟ್ಟ ಕಲೆ.

"ಎಣ್ಣಿ ಹಾರಿದ್ ಮಾವ. ಎರಡ್ ವರ್ಷ ಆಯ್ತ್."

"ಇಷ್ಟ್ ದೊಡ್ಡ ಗಾಯ! ನಂಗ್ ಯಾರೂ ಹೇಳ್ಲಿಲ್ಲ."

"ನಿಮ್ಗ್ ಕಾಂತಿರ್ಲಿಲ್ಲ ಅಲ್ದಾ."

"ಕಿವಿ ಕೇಂತಿತ್ತಲೆ ಹೆಣೆ!" ಐತನ ಸ್ವರ ಏರಿತು, ಇಡೀ ಮನೆಯ ಮೇಲೆ ಒಟ್ಟಿಗೆ ಸಿಟ್ಟಾದವರಂತೆ. "ಒಂದ್ ಮಾತ್ ಹೇಳುಕ್ ಎಂತ ಆಯ್ತ್ ನಿಮ್ಗೆ?" ಆಮೇಲೆ ಫೋಟೋವನ್ನು ಕವರಿಗೆ ಹಾಕದೆ, ತಮ್ಮ ದಿಂಬಿನ ಪಕ್ಕ ಇಟ್ಟುಕೊಂಡರು.

ಆ ಕಣ್ಣಿನ ಒಂದು ಬದಿಯ ಮಂಜು ಇವತ್ತಿಗೂ ಹೋಗಿಲ್ಲ. ಮದ್ದು ತಪ್ಪಿಸಿದ ಹನ್ನೊಂದು ದಿನದಿಂದ ಹಾಗಾಯಿತೋ, ತಪ್ಪಿಸದಿದ್ದರೂ ಹಾಗೇ ಆಗುತ್ತಿತ್ತೋ ಎಂದು ಸುಗುಣ ಪ್ರತಿ ಸಲ ಡಾಕ್ಟರರನ್ನು ಕೇಳುತ್ತಾಳೆ. ಎರಡೂ ಇರಬಹುದು ಎನ್ನುತ್ತಾರೆ ಅವರು. ಅವರಿಗೆ ಗೊತ್ತಿಲ್ಲ. ಅದರಲ್ಲಿ ತನ್ನ ಪಾಲೂ ಇದೆಯಾ ಎಂದು ಕೇಳಿಕೊಂಡರೆ ಸುಗುಣಳಿಗೂ 'ಇಲ್ಲ' ಎಂದು ಹೇಳಿಕೊಳ್ಳಲು ಆಗುತ್ತಿಲ್ಲ, 'ಹೌದು' ಎಂದು ಒಪ್ಪಿಕೊಳ್ಳಲೂ ಆಗುತ್ತಿಲ್ಲ. ನನಗೂ ಗೊತ್ತಿಲ್ಲ.